ಖರ್ಚಿನ ಪಟ್ಟಿಯಲ್ಲಿ ಹಾಡುವವನಿಗೂ ಒಂದು ಸಾಲು ಇರಲಿ

ಸಂಪಾದಕರಿಗೆ ನಮಸ್ಕಾರ.

ಹುಬ್ಬಳ್ಳಿಯಲ್ಲಿ ಗಣೇಶ ಹಬ್ಬದ ಬುಕಿಂಗ್ ಶುರುವಾಗಿದೆ. ದಿನಾ ಸಂಜೆ ಒಂದಿಲ್ಲೊಂದು ಮಂಡಳಿಯವರು ಅಂಗಡಿಗೆ ಬಂದು ರೇಟು ಕೇಳಿ ಹೋಗುತ್ತಿದ್ದಾರೆ. ನಮ್ಮದು ಹಳೇ ಹುಬ್ಬಳ್ಳಿಯಲ್ಲಿ ಮೈಕ್ ಸೆಟ್ ಅಂಗಡಿ. ಮಾವನವರು ಎರಡು ಹಾರ್ನ್, ಒಂದು ಅಹುಜಾ ಆಂಪ್ಲಿಫೈಯರ್ ಇಟ್ಟುಕೊಂಡು ಶುರು ಮಾಡಿದ್ದು. ಈಗ ನಮ್ಮ ಯಜಮಾನರು ನಡೆಸುತ್ತಾರೆ. ಲೆಕ್ಕ ಬರೆಯುವವಳು ನಾನು. 21 ವರ್ಷದಿಂದ ಬಿಲ್ ಬುಕ್ ನನ್ನ ಕೈಯಲ್ಲೇ ಇದೆ. ಪೆಂಡಾಲಿಗೆ ಎಷ್ಟು, ಲೈಟಿಂಗಿಗೆ ಎಷ್ಟು, ಜನರೇಟರ್ ಡೀಸೆಲ್ಲಿಗೆ ಎಷ್ಟು, ಎಲ್ಲಾ ಬಾಯಿಪಾಠ ಆಗಿದೆ. ಆ ಬಾಯಿಪಾಠದಲ್ಲಿ ಇಲ್ಲದ ಒಂದು ಬಾಬತ್ತಿನ ಬಗ್ಗೆ ಬರೆಯುತ್ತಿದ್ದೇನೆ. ವೇದಿಕೆ ಮೇಲೆ ನಿಂತು ಹಾಡುವ ಹೊಸ ಹುಡುಗ ಹುಡುಗಿಯರಿಗೆ ಕೊಡಬೇಕಾದ ರೊಕ್ಕ.

ನಮ್ಮಲ್ಲಿ ಕೆಲಸ ಮಾಡುವ ಒಬ್ಬ ಹುಡುಗ, ತಾಳಕ್ಕೆ ಸರಿಯಾಗಿ ಮಾತನ್ನು ಪ್ರಾಸ ಕಟ್ಟಿ ಹೇಳುವ ರ‍್ಯಾಪ್ ಹಾಡುತ್ತಾನೆ. "ಹೆಸರ ಹಾಕಬ್ಯಾಡ್ರಿ ಕಾಕು" ಎಂದಿದ್ದಾನೆ, ಹಾಕುವುದಿಲ್ಲ. ವಯಸ್ಸು 22. ಪಿಯುಸಿ ಎರಡನೇ ವರ್ಷ ಮುಗಿದ ರಜೆಯಲ್ಲಿ ವೈರ್ ಸುತ್ತುವುದಕ್ಕೆ ಬಂದವನು ಇಲ್ಲೇ ಉಳಿದ. ಅಪ್ಪನದು ಅಮರಗೋಳ ಎಪಿಎಂಸಿಯಲ್ಲಿ ಹಮಾಲಿ ಕೆಲಸ. ಕಾರ್ಯಕ್ರಮ ಇದ್ದ ದಿನ ನಾವು ಇವನಿಗೆ 700 ರೂಪಾಯಿ ಕೊಡುತ್ತೇವೆ. ಬಾಕ್ಸ್ ಏರಿಸುತ್ತಾನೆ, ಮಿಕ್ಸರ್ ಮುಂದೆ ಕೂರುತ್ತಾನೆ, ರಾತ್ರಿ ಎಲ್ಲಾ ಇಳಿಸಿ ಗಾಡಿಗೆ ತುಂಬುತ್ತಾನೆ. ಹಾಡುತ್ತಾನೆ ಅಂತ ನಮಗೆ ಎರಡು ವರ್ಷ ಗೊತ್ತೇ ಇರಲಿಲ್ಲ.

ಗೊತ್ತಾಗಿದ್ದು ಕೌದಿಯಿಂದ. ಒಂದು ಮಳೆಗಾಲ ಅತ್ತೆಯವರ ಟ್ರಂಕಿನ ಮೇಲಿದ್ದ ನಾಲ್ಕು ಕೌದಿ ಕಾಣಲಿಲ್ಲ. ಹುಡುಕುತ್ತಾ ಗೋಡೌನಿಗೆ ಹೋದೆ. ಗೋಡೌನ್ ಅಂದರೆ ತಗಡಿನ ಶೆಡ್ಡು. ಒಳಗೆ ಮಾತಾಡಿದರೆ ಡಬ್ಬಿಯೊಳಗೆ ಮಾತಾಡಿದ ಹಾಗೆ ಸದ್ದು ತಿರುಗಿ ಬರುತ್ತದೆ. ಮೂಲೆಯಲ್ಲಿ ಸ್ಪೀಕರ್ ಸ್ಟ್ಯಾಂಡಿಗೆ ಹಗ್ಗ ಕಟ್ಟಿ, ನಾಲ್ಕೂ ಕಡೆ ಕೌದಿ ಇಳಿಬಿಟ್ಟಿದ್ದ. ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ. ನಡುವೆ ಒಂದು ಮೈಕು, ಅದರ ಮುಂದೆ ಹಳೇ ಕಸೂತಿ ರಿಂಗಿಗೆ ತೆಳು ಬಟ್ಟೆ ಬಿಗಿದು ಕಟ್ಟಿದ್ದ. 'ಪ', 'ಬ' ಅನ್ನುವಾಗ ಬಾಯಿಂದ ಬರುವ ಗಾಳಿ ಮೈಕಿಗೆ ಬಡಿಯಬಾರದು ಅಂತ. ನಾನು ಬೈಯಲಿಕ್ಕೆ ಬಾಯಿ ತೆರೆದೆ. ಆದರೆ ಒಳಗೆ ಹೋಗಿ ನಿಂತ ಕೂಡಲೇ ಸುಮ್ಮನಾದೆ. ಶೆಡ್ಡಿನ ಸದ್ದು ಪೂರ್ತಿ ಸತ್ತುಹೋಗಿತ್ತು. ನನ್ನ ಉಸಿರು ನನಗೇ ಕೇಳಿಸುತ್ತಿತ್ತು. ಹಳೇ ಇಳಕಲ್ ಸೀರೆ, ಧೋತರದ ತುಂಡು ಪದರದ ಮೇಲೆ ಪದರ ಹಾಕಿ ಹೊಲಿದ ದಪ್ಪ ಬಟ್ಟೆ ಅದು, ದನಿಯನ್ನು ಕುಡಿದುಬಿಡುತ್ತದೆ. ಅತ್ತೆಗೆ ಹೇಳಿದರೆ ಅವರು ಒಂದೇ ಮಾತು ಹೇಳಿದರು: "ಹೊದ್ದು ಮಲಗಾಕ ಬ್ಯಾರೇ ಅದಾವ, ಹಾಡ್ಲಿ ಬಿಡು."

ತಗಡಿನ ಮೇಲೆ ಮಳೆ ಬೀಳುತ್ತಿದ್ದರೆ ರೆಕಾರ್ಡಿಂಗ್ ಆಗುವುದಿಲ್ಲ. ಮಳೆ ನಿಂತರೆ ಕಾರವಾರ ರಸ್ತೆಯ ಲಾರಿ ಸದ್ದು. ಹಾಗಾಗಿ ಅವನ ಕೆಲಸ ರಾತ್ರಿ ಎರಡರ ಮೇಲೆ. ಮೂರು ನಿಮಿಷದ ಒಂದು ಹಾಡಿಗೆ ಆರು ರಾತ್ರಿ ಕಳೆದದ್ದನ್ನು ನಾನು ನೋಡಿದ್ದೇನೆ.

ಅವನ ನೋಟ್‌ಬುಕ್ಕನ್ನೂ ನೋಡಿದ್ದೇನೆ. ಒಂದು ಪದ್ಯಕ್ಕೆ 16 ಸಾಲು. ಸಾಲಿಗೆ ನಾಲ್ಕು ಪೆಟ್ಟು. ಪೆಟ್ಟು ಬೀಳುವ ಅಕ್ಷರದ ಕೆಳಗೆ ಕೆಂಪು ಪೆನ್ನಿನಲ್ಲಿ ಚುಕ್ಕಿ ಇಟ್ಟಿರುತ್ತಾನೆ. ಅಪ್ಪನ ಮೇಲೆ ಕಟ್ಟಿದ ಹಾಡಿನ ಎರಡು ಸಾಲು ಹೀಗಿವೆ:

ಚೀಲ ಹೊತ್ತ ಬೆನ್ನ ಮ್ಯಾಲ ಬಿಸಲ ಏರಿ ಕುಂತೈತಿ
ಸಾಲ ಹೊತ್ತ ಅಪ್ಪಾ ಬಂದ್ರ ಓಣಿ ಎದ್ದ ನಿಂತೈತಿ

ನನ್ನ ತವರು ಶಿಗ್ಗಾವಿ ತಾಲ್ಲೂಕು. ನಮ್ಮಪ್ಪ ಕನ್ನಡ ಸಾಲಿ ಮಾಸ್ತರರಾಗಿದ್ದರು. ಪದ್ಯ ಓದುವಾಗ ಸಾಲಿನ ಎರಡನೇ ಅಕ್ಷರ ನೋಡು, ಅಲ್ಲಿ ಪ್ರಾಸ ಕೂತಿದೆ ಅನ್ನುತ್ತಿದ್ದರು. ಮೊದಲ ಅಕ್ಷರ ದೀರ್ಘವಾಗಿದ್ದರೆ ಮುಂದಿನ ಸಾಲಿನಲ್ಲೂ ದೀರ್ಘವೇ ಬರಬೇಕು. ನಮ್ಮ ಹಳೇ ಕವಿಗಳು ಸಾವಿರ ವರ್ಷದ ಹಿಂದೆಯೇ ಹಾಗೆ ಬರೆದರು. ಚೀಲ, ಸಾಲ. ಮೊದಲಿನದು ದೀರ್ಘ, ಎರಡನೆಯದು 'ಲ'. ನಾನು ತೋರಿಸಿದಾಗ ಹುಡುಗನಿಗೇ ಆಶ್ಚರ್ಯ. "ಕಿವಿಗೆ ಸರಿ ಅನಿಸ್ತರಿ, ಬರದೆ" ಅಂದ. ಕನ್ನಡ ಅವನ ಕಿವಿಯಲ್ಲೇ ಕೂತಿದೆ. ಇದಕ್ಕಿಂತ ಜಾಸ್ತಿ ಏನು ಬೇಕು?

ರ‍್ಯಾಪ್ ಅಂದರೆ ಬರೀ ಬೈಗುಳ, ಬರೀ ಗದ್ದಲ ಅಂತ ನಮ್ಮ ಓಣಿಯಲ್ಲೂ ಹೇಳುವವರಿದ್ದಾರೆ. ಇವನ ಒಂದು ಹಾಡಿನಲ್ಲೂ ನನಗೆ ಸೇರದ ಒಂದು ಪದ ಇದೆ. ತೆಗೆ ಅಂದೆ, ತೆಗೆಯಲಿಲ್ಲ. ಆ ಹಾಡು ಬಂದಾಗ ನನಗೆ ಇವತ್ತಿಗೂ ಮುಜುಗರವಾಗುತ್ತದೆ. ಆದರೆ ಮಾತಿಗೆ ಮಾತು ಕಟ್ಟಿ ಎದುರಾಳಿಯನ್ನು ಕೆಣಕಿ ಹಾಡುವುದು ನಮ್ಮ ಕಡೆಗೆ ಹೊಸದೇನಲ್ಲ. ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ಹರದೇಶಿ ನಾಗೇಶಿ ಪದ ಕೇಳಿದ್ದೇನೆ. ಒಂದು ಮೇಳ ಗಂಡು ಹೆಚ್ಚು ಅಂತ ಹಾಡಿದರೆ ಇನ್ನೊಂದು ಮೇಳ ಹೆಣ್ಣು ಹೆಚ್ಚು ಅಂತ ಹಾಡುತ್ತದೆ. ಡಪ್ಪು ಬಡಿದು ಸವಾಲು ಹಾಕುತ್ತಾರೆ, ಬೆಳಗಿನ ಜಾವದವರೆಗೆ ಜವಾಬು ನಡೆಯುತ್ತದೆ. ಆ ಮೇಳದವರನ್ನು ಊರವರು ವೀಳ್ಯ ಕೊಟ್ಟು ಕರೆಸುತ್ತಿದ್ದರು. ಇಷ್ಟು ರೊಕ್ಕ, ಇಷ್ಟು ಹೊತ್ತಿನ ಊಟ ಅಂತ ಮೊದಲೇ ಮಾತಾಗುತ್ತಿತ್ತು. ಹಾಡು ಹಿಡಿಸಿದರೆ ಕೂತ ಜನರೂ ಎದ್ದು ಬಂದು ಹತ್ತೋ ಇಪ್ಪತ್ತೋ ಕೈಗಿಡುತ್ತಿದ್ದರು. ಈ ಪದ್ಧತಿ ನಮ್ಮ ಹೊಸ ಹಾಡುಗಾರರ ಹೊತ್ತಿಗೆ ಎಲ್ಲಿ ಹೋಯಿತು?

ಕಳೆದ ವರ್ಷದ ಗಣೇಶ ಹಬ್ಬದ ಒಂದು ರಾತ್ರಿಯ ಮಾತು ಹೇಳುತ್ತೇನೆ. ಮಂಡಳಿಯ ಹೆಸರು ಬೇಡ. ಅವರು ಕೆಟ್ಟವರೂ ಅಲ್ಲ. ಸೌಂಡ್ ನಮ್ಮದೇ. ನಮ್ಮ ಹುಡುಗನ ಹಾಡು ಮೊಬೈಲಿನಲ್ಲಿ ಕೇಳಿದ್ದ ಒಬ್ಬರು "ನಮ್ಮಲ್ಲೂ ಹಾಡೋ ತಮ್ಮಾ, ಸ್ಟೇಜ್ ಸಿಗತೈತಿ" ಅಂದರು. ಅವನು ಖುಷಿಯಿಂದ ಒಪ್ಪಿದ. ಅವನಿಗೆ ಅದು ಮೊದಲ ದೊಡ್ಡ ವೇದಿಕೆ. ಟೈಮು 9.15 ಅಂತ ಹೇಳಿದ್ದರು. ಭಾಷಣ ಆಯಿತು, ಸನ್ಮಾನ ಆಯಿತು, ಮತ್ತೊಂದು ಭಾಷಣ ಆಯಿತು. ಇವನು ಬೇಸ್ ಬಾಕ್ಸಿನ ಹಿಂದೆ ನೋಟ್‌ಬುಕ್ ಹಿಡಿದು ನಿಂತೇ ಇದ್ದ. 9.50ಕ್ಕೆ ಹೆಸರು ಕರೆದರು. ಅದೂ ತಪ್ಪು ಹೆಸರು.

ಮೊದಲ ಹಾಡಿಗೆ ಗಾಬರಿಯಾಗಿ ಮೈಕಿನ ತಲೆಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿದ. ವಿಡಿಯೋಗಳಲ್ಲಿ ಹಾಗೇ ಹಿಡಿಯುತ್ತಾರಲ್ಲ, ಅದನ್ನು ನೋಡಿ ಕಲಿತದ್ದು. ಮೈಕಿನ ಜಾಳಿಗೆಯ ಹಿಂಭಾಗದಲ್ಲಿ ಗಾಳಿಯಾಡುವ ತೂತುಗಳಿರುತ್ತವೆ. ಅವು ತೆರೆದಿದ್ದರೇ ಮೈಕು ಮುಂದಿನ ಬಾಯಿಯ ದನಿಯನ್ನು ಹಿಡಿದು ಹಿಂದಿನದನ್ನು ಬಿಡುವುದು. ಮುಚ್ಚಿದರೆ ನಾಲ್ಕೂ ದಿಕ್ಕಿನ ಸದ್ದು ಒಳಗೆ ಹೋಗುತ್ತದೆ. ಸ್ಪೀಕರಿನ ದನಿಯೇ ತಿರುಗಿ ಮೈಕಿಗೆ ಬಂದು ಕುಂಯ್ ಅನ್ನುತ್ತದೆ. ನಮ್ಮ ಯಜಮಾನರು ಮಿಕ್ಸರಿನಿಂದಲೇ ಕೈ ಎತ್ತಿ, ಕೆಳಗೆ ಹಿಡಿ ಅಂತ ಸನ್ನೆ ಮಾಡಿದರು. ಎರಡನೇ ಹಾಡಿಗೆ ಕೈ ಕೆಳಗೆ ಬಂತು, ದನಿ ತಿಳಿಯಾಯಿತು. ಚೀಲದ ಹಾಡು ಅದು. ಅವನ ಅಪ್ಪ ಯಾರ್ಡಿನಿಂದ ನೇರ ಬಂದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಗುಂಪಿನ ಕೊನೆಯಲ್ಲಿ ನಿಂತಿದ್ದರು. ಮುಂದೆ ಕೂತ ಹೆಣ್ಮಕ್ಕಳೂ ಮಾತು ನಿಲ್ಲಿಸಿದರು. ನಾನು ಮೈಕ್ ಸೆಟ್ಟಿನ ಮನೆಯವಳು, ಸಾವಿರಾರು ಕಾರ್ಯಕ್ರಮ ಕೇಳಿದ್ದೇನೆ. ಜನ ಕಿವಿಗೊಟ್ಟು ಕೇಳುವ ಮೌನ ಯಾವುದು, ಬೇಜಾರಿನ ಮೌನ ಯಾವುದು ನನಗೆ ತಿಳಿಯುತ್ತದೆ.

ಮೂರನೇ ಹಾಡಿಗೆ ಟೈಮಿರಲಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ರ ಶಬ್ದ ಮಾಲಿನ್ಯ ನಿಯಮ ಇದೆ. ಹಬ್ಬಕ್ಕೆ ಕೆಲವು ದಿನ ಸರ್ಕಾರ ಸಡಿಲಿಸಬಹುದು. ಆದರೆ ಅವತ್ತಿನ ಪರವಾನಗಿ 10ರವರೆಗೆ ಮಾತ್ರ. ಯಜಮಾನರೇ ದನಿ ಇಳಿಸಿದರು. ನಿಯಮ ಸರಿಯೇ ಇದೆ, ಮನೆಯಲ್ಲಿ ಹಿರಿಯರು, ಓದುವ ಮಕ್ಕಳು ಇರುತ್ತಾರೆ. ಆದರೆ 10ಕ್ಕೆ ನಿಲ್ಲಬೇಕು ಅಂತ ಗೊತ್ತಿದ್ದೂ ಹಾಡುವವನನ್ನು ಕೊನೆಗೆ ಇಟ್ಟರೆ ಕತ್ತರಿ ಬೀಳುವುದು ಅವನಿಗೇ ಅಲ್ವಾ?

ವಿಸರ್ಜನೆ ಆದ ಮೂರನೇ ದಿನ ಬಾಕಿ ವಸೂಲಿಗೆ ನಾನೇ ಹೋದೆ. ಖಜಾಂಚಿ ತುಂಬಾ ಪ್ರಾಮಾಣಿಕ ಮನುಷ್ಯ, ಖರ್ಚಿನ ಪುಸ್ತಕವನ್ನೇ ನನ್ನ ಮುಂದೆ ತೆರೆದಿಟ್ಟರು. ಸೌಂಡ್ 18,000. ಪೆಂಡಾಲ್ 22,000. ಫ್ಲೆಕ್ಸ್ 4,200. ಅತಿಥಿಗಳ ನಾಷ್ಟಾ, ಚಹಾ 2,650. ಅದರ ಕೆಳಗೆ, ಹಾಡಿನ ಹುಡುಗನಿಗೆ ಶಾಲು, ಹಾರ 180. ಅಷ್ಟೇ. "ಅವನಿಗೆ ರೊಕ್ಕ ಕೊಡಲಿಲ್ಲೇನ್ರಿ?" ಅಂತ ಕೇಳಿದೆ. "ಅವ ಕೇಳಲೇ ಇಲ್ಲಲ್ರಿ ಅಕ್ಕಾರ" ಅಂದರು. ಅವರ ಮಾತು ಸುಳ್ಳಲ್ಲ. ಆದರೆ ಮೊದಲ ಸಲ ವೇದಿಕೆ ಸಿಕ್ಕ ಹುಡುಗ ಹೇಗೆ ಕೇಳುತ್ತಾನೆ? ಕೇಳಿದರೆ ಮುಂದಿನ ಸಲ ಕರೆಯುವುದಿಲ್ಲ ಅನ್ನುವ ಹೆದರಿಕೆ ಅವನಿಗೆ. ಮನೆಗೆ ಬಂದು ನನ್ನ ಬಿಲ್ ಬುಕ್ ತೆಗೆದು ನೋಡಿದೆ. ನಾವೂ 21 ವರ್ಷ ಆ ಸಾಲು ಬರೆದಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವನು ಹಾಕಿದ ಬಂಡವಾಳದ ಲೆಕ್ಕವೂ ನನ್ನ ಹತ್ತಿರ ಇದೆ, ಯಾಕೆಂದರೆ ಅದರಲ್ಲಿ ಅರ್ಧ ನಮ್ಮ ಕಡೆಯ ಅಡ್ವಾನ್ಸು. ರೆಕಾರ್ಡಿಂಗ್ ಮೈಕಿಗೆ 4,500. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ ಸೆಕೆಂಡ್ ಹ್ಯಾಂಡ್, ಆದರೂ 6,000. ಹಾಡಿನ ಹಿಂದೆ ಬಡಿಯುವ ಬೀಟ್ ಮೊದಮೊದಲು ಇಂಟರ್ನೆಟ್ಟಿನಿಂದ ಪುಕ್ಕಟೆ ತೆಗೆದ. ಅದರಲ್ಲಿ ನಡುನಡುವೆ ಬೀಟ್ ಮಾಡಿದವನ ಹೆಸರು ಕೂಗಿ ಬರುತ್ತದೆ. ಆ ಬೀಟ್ ಮೇಲೆ ಹಾಡಿ ಸಂಪಾದನೆ ಮಾಡಲಿಕ್ಕೂ ಆಗುವುದಿಲ್ಲ. ಆಮೇಲೆ 25 ಡಾಲರ್ ಕೊಟ್ಟು ಒಂದನ್ನು ಬಾಡಿಗೆಗೆ ತೆಗೆದುಕೊಂಡ. ನಮ್ಮ ರೊಕ್ಕದಲ್ಲಿ ಎರಡು ಸಾವಿರದ ಮೇಲೆ, ಅಂದರೆ ಮೂರು ದಿನದ ಪಗಾರ. ಈಗ ಗದಗಿನ ಗೆಳೆಯನೊಬ್ಬ ಮಾಡಿಕೊಡುತ್ತಾನೆ. ಹೋಳಿಯಲ್ಲಿ ಜಗ್ಗಲಗಿ ಅನ್ನುವ ದೊಡ್ಡ ಚರ್ಮವಾದ್ಯ ಬಾರಿಸುವಾಗ ಮೊಬೈಲಿನಲ್ಲಿ ಹಿಡಿದ ಸದ್ದನ್ನು ಒಂದು ಹಾಡಿಗೆ ಸೇರಿಸಿದ್ದಾರೆ. ನಮ್ಮ ದೊಡ್ಡ ಬಾಕ್ಸಿನಲ್ಲಿ ಹಾಕಿದಾಗ ಎದೆ ನಡುಗಿತು. ಹುಬ್ಬಳ್ಳಿಯವರು ಯಾರೇ ಕೇಳಿದರೂ, ಇದು ನಮ್ಮೂರಿನ ಸದ್ದು ಅಂತ ಗುರುತು ಹಿಡಿಯುತ್ತಾರೆ.

"ಯೂಟ್ಯೂಬಿನಲ್ಲಿ ರೊಕ್ಕ ಬರುತ್ತದಲ್ಲ, ನಾವು ಯಾಕೆ ಕೊಡಬೇಕು?" ಅನ್ನುವವರಿಗೆ ಒಂದು ಮಾತು. ಅಲ್ಲಿ ಜಾಹೀರಾತಿನ ಪಾಲು ಬರಬೇಕಾದರೆ 1,000 ಸಬ್‌ಸ್ಕ್ರೈಬರ್ ಆಗಬೇಕು. ಜೊತೆಗೆ ಒಂದು ವರ್ಷದಲ್ಲಿ ಜನ 4,000 ಗಂಟೆ ನೋಡಿರಬೇಕು, ಇಲ್ಲವೇ ಮೂರು ತಿಂಗಳಲ್ಲಿ ಚಿಕ್ಕ ವಿಡಿಯೋಗಳನ್ನು ಒಂದು ಕೋಟಿ ಸಲ ನೋಡಿರಬೇಕು. ನಮ್ಮ ಹುಡುಗನಿಗೆ ಇರುವುದು 640 ಸಬ್‌ಸ್ಕ್ರೈಬರ್. ಹಾಡು ಕೇಳುವ ಆ್ಯಪ್ ಸ್ಪಾಟಿಫೈಯಲ್ಲಿ 2024ರಿಂದ, ವರ್ಷಕ್ಕೆ 1,000 ಸಲ ಕೇಳಿಸದ ಹಾಡಿಗೆ ಏನೂ ಕೊಡುವುದಿಲ್ಲ. ಹಾಡನ್ನು ಅಲ್ಲಿಗೆ ಕಳಿಸಲು ಇವನೇ ವರ್ಷ ವರ್ಷ ಫೀ ಕಟ್ಟುತ್ತಾನೆ. ಅಲ್ಲಿ ಅನ್ನ ಹುಟ್ಟುವುದಕ್ಕೆ ಇನ್ನೂ ಎಷ್ಟೋ ದಿನ ಬೇಕು. ಅಲ್ಲಿಯವರೆಗೆ ಇವನನ್ನು ಹಿಡಿದು ನಿಲ್ಲಿಸಬೇಕಾದ್ದು ನಮ್ಮೂರಿನ ವೇದಿಕೆಯೇ.

ರ‍್ಯಾಪ್ ಹಾಡಿನ ತವರಾದ ಹಿಪ್ ಹಾಪ್ ಸಂಗೀತ ಹುಟ್ಟಿದ ಕತೆಯನ್ನು ಇವನೇ ನನಗೆ ಹೇಳಿದ್ದು. ಕೇಬಲ್ ಸುತ್ತುತ್ತಾ ಹೇಳಿದ. 1973ರ ಆಗಸ್ಟ್ 11, ಅಮೆರಿಕದ ನ್ಯೂಯಾರ್ಕಿನ ಬ್ರಾಂಕ್ಸ್. ಜಮೈಕಾದಿಂದ ವಲಸೆ ಬಂದ ಕುಟುಂಬದ ಹುಡುಗಿ ಸಿಂಡಿ ಕ್ಯಾಂಪ್‌ಬೆಲ್. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ತೆಗೆದುಕೊಳ್ಳಲು ಅವಳಿಗೆ ದುಡ್ಡು ಬೇಕಿತ್ತು. ತಾವಿದ್ದ ದೊಡ್ಡ ಕಟ್ಟಡದ ಹಾಲ್ ಹಿಡಿದು ಪಾರ್ಟಿ ಇಟ್ಟಳು. ಚೀಟಿಯ ಮೇಲೆ ಕೈಯಲ್ಲಿ ಬರೆದು ಹಂಚಿದಳು. ಹೆಣ್ಮಕ್ಕಳಿಗೆ 25 ಸೆಂಟ್, ಗಂಡುಮಕ್ಕಳಿಗೆ 50 ಸೆಂಟ್. ಗ್ರಾಮೊಫೋನ್ ಪ್ಲೇಟ್ ಹಾಕಿ ಹಾಡು ಬಾರಿಸಿದವನು ಅವಳ ಅಣ್ಣ, ಡಿಜೆ ಕೂಲ್ ಹರ್ಕ್. ಹಾಡಿನಲ್ಲಿ ದನಿ ನಿಂತು ಬರೀ ತಾಳ ಬಡಿಯುವ ತುಂಡು ಬಂದಾಗ ಜನ ಜಾಸ್ತಿ ಕುಣಿಯುತ್ತಾರೆ ಅಂತ ಅವನು ಗಮನಿಸಿದ್ದ. ಎರಡು ಪ್ಲೇಯರ್ ಇಟ್ಟು ಆ ತುಂಡನ್ನೇ ಉದ್ದ ಮಾಡಿ ಬಾರಿಸುವ ದಾರಿ ಕಂಡುಕೊಂಡ. ಇಡೀ ಲೋಕ ಹಾಡುವ ಈ ಸಂಗೀತದ ಬೇರು ಅಲ್ಲಿದೆ ಅನ್ನುತ್ತಾರೆ.

ಕೇಳಿ ನನಗೆ ಸಿಂಡಿಯೇ ಮನಸ್ಸಿನಲ್ಲಿ ಉಳಿದಳು. ಅವಳೂ ನನ್ನ ಹಾಗೆ ಲೆಕ್ಕ ನೋಡಿದವಳು. ಮೊದಲ ರಾತ್ರಿಯೇ ಅಲ್ಲಿ ಹಾಡಿಗೆ ಬೆಲೆ ಇತ್ತು, ಬೆಲೆ ಎಷ್ಟು ಅಂತ ಚೀಟಿಯ ಮೇಲೆ ಬರೆದಿತ್ತು.

"ನೀನೂ ಚಂದನ್ ಶೆಟ್ಟಿ ಆಗ್ತಿ ಬಿಡೋ" ಅಂತ ಬೆನ್ನು ತಟ್ಟುತ್ತಾರೆ. ಕನ್ನಡದಲ್ಲಿ ರ‍್ಯಾಪ್ ಹಾಡುವ ಚಂದನ್ ಶೆಟ್ಟಿ 2018ರಲ್ಲಿ ಬಿಗ್ ಬಾಸ್ ಗೆದ್ದಾಗ ಮನೆಮನೆಗೆ ಗೊತ್ತಾದರು, ಸಂತೋಷ. ಆದರೆ ಹಾಗೆ ಗೊತ್ತಾಗುವುದಕ್ಕೆ ಮುಂಚಿನ ವರ್ಷಗಳು ಎಲ್ಲ ಕಲಾವಿದರಿಗೂ ಇರುತ್ತವೆ. ನಮ್ಮ ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಅವರ ಮೊದಮೊದಲ ಗ್ರಾಮೊಫೋನ್ ಪ್ಲೇಟಿನ ಮೇಲೆ ಇದ್ದದ್ದು ಗಾಂಧಾರಿ ಅನ್ನುವ ಹೆಸರು. ಅವರ ಸಂಗೀತಕ್ಕೂ ಈ ಹುಡುಗನ ಹಾಡಿಗೂ ನಾನು ಸಾಟಿ ಮಾಡುತ್ತಿಲ್ಲ. ಆದರೆ ಗಾಂಧಾರಿ ಅನ್ನುವ ಹುಡುಗಿ ರೈಲಿಗೆ ಕಾಯುತ್ತಾ ನಿಂತಿದ್ದ ದಿನಗಳನ್ನು ಮರೆತು, ಕೊನೆಯ ದಿನಗಳ ಗಂಗೂಬಾಯಿಯವರನ್ನು ಮಾತ್ರ ಭಾಷಣದಲ್ಲಿ ನೆನೆದರೆ ಹೇಗೆ?

ಇನ್ನೊಂದು ವಿಷಯ ಬೇರೆ ಮಕ್ಕಳ ಉಪಯೋಗಕ್ಕೆ ಹೇಳಬೇಕು. ಕಳೆದ ಚಳಿಗಾಲದಲ್ಲಿ ಒಬ್ಬರು ಬಂದು, ಹಾಡು ನಾವು ಬಿಡುಗಡೆ ಮಾಡುತ್ತೇವೆ, 5,000 ತಗೋ, ಇಲ್ಲಿ ಸಹಿ ಹಾಕು ಅಂದರು. ಎಲ್ಲಾ ಹಕ್ಕು ಶಾಶ್ವತವಾಗಿ ಅವರದು ಅಂತ ಬರೆದಿತ್ತು. ಹುಡುಗ ಪೆನ್ನು ತೆಗೆದೇ ಬಿಟ್ಟಿದ್ದ. ನಾನು ಕಾಗದ ಇಸಿದುಕೊಂಡು ಪರಿಚಯದ ವಕೀಲರಿಗೆ ತೋರಿಸಿದೆ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿಯಾಗಿದೆ. ಹಾಡಿನ ಮಾತು ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿಯಲ್ಲಿ ಬರುವ ಪಾಲನ್ನು ಯಾರೂ ಬರೆಸಿಕೊಳ್ಳುವ ಹಾಗಿಲ್ಲ ಅಂತ ಅವರು ತಿಳಿಸಿಕೊಟ್ಟರು. ಹಾಡಿನ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಅನ್ನುವ ಸಂಸ್ಥೆ 1969ರಿಂದ ಇದೆ, ಹಾಡು ಬರೆಯುವವರು ಅಲ್ಲಿ ಸದಸ್ಯರಾಗಬಹುದು. ಮಕ್ಕಳೇ, ಓದದೆ ಸಹಿ ಹಾಕಬೇಡಿ. ಮನೆಯಲ್ಲಿ ಓದುವವರು ಇಲ್ಲದಿದ್ದರೆ ಓಣಿಯ ಮಾಸ್ತರರಿಗೆ ತೋರಿಸಿ.

ಹುಬ್ಬಳ್ಳಿ-ಧಾರವಾಡದ, ಗದಗ-ಹಾವೇರಿ ಕಡೆಯ ಮಂಡಳಿಯವರಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಹುಡುಗರನ್ನು ಕರೆಯುವ ದಿನವೇ ಎಷ್ಟು ಕೊಡುತ್ತೇವೆ ಅಂತ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ. ಹಾಡು ಮುಗಿದ ರಾತ್ರಿಯೇ ಕೈಗೆ ಕೊಡಿ. ಭಾಷಣಕ್ಕಿಂತ ಮೊದಲು ಹಾಡಿಸಿ. ಹೆಸರನ್ನು ಅವರಿಂದಲೇ ಕೇಳಿ ಬರೆದುಕೊಂಡು ಕರೆಯಿರಿ. ಶಾಲಿನ ಜಾಗದಲ್ಲಿ ಒಂದು ಪಾಕೀಟು ಕೊಟ್ಟರೆ ಆ ಹುಡುಗ ಮನೆಗೆ ಹೋಗಿ ಅಪ್ಪನ ಮುಂದೆ ಇಡುತ್ತಾನೆ. ನಾನು ಈ ಹಾಡಿನಿಂದ ತಂದೆ ಅನ್ನುತ್ತಾನೆ.

ಈ ವರ್ಷ ನಮ್ಮ ಕೊಟೇಶನ್ ಹಾಳೆಯನ್ನು ಹೊಸದಾಗಿ ಪ್ರಿಂಟ್ ಮಾಡಿಸಿದ್ದೇನೆ. ಸೌಂಡ್, ಜನರೇಟರ್, ಗಾಡಿ ಬಾಡಿಗೆ ಆದಮೇಲೆ ನಾಲ್ಕನೇ ಸಾಲು: ಹಾಡುವವರ ಸಂಭಾವನೆ. ಅದು ನಮಗೆ ಬರುವ ರೊಕ್ಕವಲ್ಲ, ಅಂಕಿಯನ್ನು ಮಂಡಳಿಯವರೇ ತುಂಬಬೇಕು. ಈವರೆಗೆ ಏಳು ಮಂಡಳಿಗೆ ಹಾಳೆ ಕೊಟ್ಟಿದ್ದೇವೆ. ಒಬ್ಬರು 1,500 ಬರೆದಿದ್ದಾರೆ. ಇನ್ನೊಬ್ಬರು 3,000 ಬರೆದು, ಟೈಮು ಸಂಜೆ 7.30 ಅಂತಲೂ ಪಕ್ಕದಲ್ಲಿ ಬರೆದು ಸಹಿ ಹಾಕಿದ್ದಾರೆ. ಉಳಿದ ಐದು ಹಾಳೆ ಇನ್ನೂ ತಿರುಗಿ ಬಂದಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ
ಹಳೇ ಹುಬ್ಬಳ್ಳಿ